ಒಂದ್ಸಲ ನಗ್ರಿ ನೋಡೋಣ

ಬಾಳೆಹಣ್ಣು ಸುಲಿಯಲು ಎರಡು ಕೈ ಬೇಕು. ಈ ಸಣ್ಣ ಸತ್ಯ ಕಮಲಾಪುರದ ಹಾಲಸ್ವಾಮಿಗೆ ಹೊಳೆದದ್ದು ಮಗಳನ್ನು ನೋಡಲು ಬಂದವರ ಎದುರು ಹಣ್ಣು ಹಿಡಿದು ಕುಳಿತ ಮೇಲೆ. ಹೊಳೆದು ಏನು ಬಂತು, ಕಾಲ ಮಿಂಚಿತ್ತು.

ಮೂರು ವರ್ಷದ ಹಿಂದೆ ಅವನಿಗೆ ಲಕ್ವಾ ಹೊಡೆದಿತ್ತು. ಹೊಸಪೇಟೆಯ ಆಸ್ಪತ್ರೆಯವರು ಜೀವ ಉಳಿಸಿದರು. ಎಡಗೈ ಮಾತ್ರ ಮತ್ತೆ ಮೇಲೇಳಲಿಲ್ಲ. ನಕ್ಕರೆ ಬಾಯಿ ಒಂದು ಕಡೆ ಜಾರುತ್ತಿತ್ತು. ಬದುಕಿ ಬಂದ ಋಣಕ್ಕೆ ಹಾಲಸ್ವಾಮಿ ಅದೇ ಆಸ್ಪತ್ರೆಯ ಸ್ವಯಂಸೇವಕನಾದ. ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರನ್ನೆಲ್ಲ ತಡೆದು, "ಒಂದ್ಸಲ ನಗ್ರಿ, ಎರಡೂ ಕೈ ಎತ್ರಿ, ನಿಮ್ಮ ಹೆಸರು ಹೇಳ್ರಿ. ಇದ್ರಾಗ ಒಂದು ಎಡವಟ್ಟಾದ್ರೂ ಜಲ್ದಿ ದವಾಖಾನಿಗೆ ಓಡ್ರಿ. ಮುಚ್ಚಿಡಬ್ಯಾಡ್ರಿ!" ಎಂದು ಹೇಳಿಕೊಡುವನು. ಅವನ ಕಾಟ ತಾಳದೆ ಊರವರು ದೂರದಿಂದಲೇ ನಕ್ಕು, ಕೈ ಎತ್ತಿ, ಹೆಸರು ಕೂಗಿ ದಾಟಿಹೋಗುತ್ತಿದ್ದರು.

ಮನೆಯಲ್ಲಿನ ಸಂಕಟ ಬೇರೆ. ಅಪ್ಪನಿಗೆ ಕಾಯಿಲೆ ಆಗಿತ್ತು ಎಂಬ ಒಂದೇ ಕಾರಣಕ್ಕೆ ಕಾವ್ಯಳಿಗೆ ಬಂದ ಎರಡು ಸಂಬಂಧ ಮುರಿದಿದ್ದವು. "ಹೋಗ್ಲಿ ಬಿಡಪ್ಪ, ನನಗೇನ್ ಬ್ಯಾಸರಿಲ್ಲ" ಎಂದು ಮಗಳು ಸಮಾಧಾನ ಹೇಳಿದಾಗಲೆಲ್ಲ ಹಾಲಸ್ವಾಮಿ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಅವಳು ಸಿಟ್ಟಾಗಿ ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಹಾಗಾಗಿ ಈ ಸಲ ಹೆಂಡತಿ ಜಂಬಮ್ಮನ ಕಟ್ಟಪ್ಪಣೆಯಾಯಿತು. "ನಗಬ್ಯಾಡ್ರಿ. ಎಡಗೈ ಶಲ್ಯದಾಗ ಇರ್ಲಿ. ಮಾತಾಡೋದು ನಾ ನೋಡ್ಕೊಂತೀನಿ. ನೀವು ಸುಮ್ನ ದೇವ್ರಂಗ ಕುಂದ್ರಿ."

ಬೆಳಗ್ಗೆ ಬಂದವರು ಇಬ್ಬರೇ. ಯಶವಂತನಗರದ ಚನ್ನಯ್ಯ, ಮೈನ್ಸ್ ಕೆಲಸದಿಂದ ನಿವೃತ್ತರಾದವರು. ಜೊತೆಗೆ ಮಗ ಸಿದ್ದಲಿಂಗೇಶ್. ಕರೆಯದೆ ಬಂದವಳು ಒಬ್ಬಳು, ಪಕ್ಕದ ಮನೆಯ ವಿರುಪಮ್ಮ. ಕಾವ್ಯ ಉಪ್ಪಿಟ್ಟು ತಂದಿಟ್ಟಳು. ಹುಡುಗ ತಲೆ ಎತ್ತಿದ, ಹುಡುಗಿ ತಲೆ ತಗ್ಗಿಸಿದಳು, ಇಬ್ಬರ ಕಿವಿಗಳೂ ಕೆಂಪಾದವು. ಇದು ಕುದುರುತ್ತದೆ ಅನ್ನಿಸಿ ಹಾಲಸ್ವಾಮಿಗೆ ನಗು ಬಂತು. ತುಟಿ ಕಚ್ಚಿ ನುಂಗಿಕೊಂಡ.

"ಮನ್ಯಾಗ ಎಲ್ಲಾರ ಆರೋಗ್ಯ ಹೆಂಗೈತ್ರಿ?" ಚನ್ನಯ್ಯ ಕೇಳಿದರು.

ಜಂಬಮ್ಮ ಬಾಯಿ ತೆರೆಯುವ ಮೊದಲೇ ವಿರುಪಮ್ಮ, "ಏನ್ ಕೇಳ್ತೀರಿ! ನಮ್ಮ ಸ್ವಾಮ್ಯಾರು ಕಲ್ಲುಗುಂಡು ಇದ್ದಂಗ. ಒಂದು ನೆಗಡಿ ಬಂದಿದ್ದು ನಾ ನೋಡಿಲ್ಲ" ಎಂದಳು. ಅದ್ಯಾಕೋ ಚನ್ನಯ್ಯನವರ ಮುಖ ಬಾಡಿತು. ಹೇಳಬೇಕೆಂದಿದ್ದ ಏನೋ ಮಾತನ್ನು ಅವರು ಉಪ್ಪಿಟ್ಟಿನ ಜೊತೆ ನುಂಗಿದರು.

ಆಮೇಲೆ ಬಂತು ಬಾಳೆಹಣ್ಣು. "ತಗೋರಿ ಸ್ವಾಮ್ಯಾರ, ನಮ್ಮ ಮರ್ಯಾದಿಗರ ಒಂದು ತಿನ್ರಿ" ಎಂದು ವಿರುಪಮ್ಮನೇ ಅವನ ಬಲಗೈಗೆ ತುರುಕಿದಳು. ಹಾಲಸ್ವಾಮಿ ಹಣ್ಣನ್ನು ತಿರುಗಿಸಿ ಮುರುಗಿಸಿ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಕೊನೆಗೆ ಹಲ್ಲಿನಿಂದ ತೊಟ್ಟು ಕಚ್ಚಿ ಎಳೆದ. ಅರ್ಧ ಸಿಪ್ಪೆ ಬಾಯಲ್ಲಿ ಉಳಿಯಿತು, ಹಣ್ಣು ಜಾರಿ ಸಿದ್ದಲಿಂಗೇಶನ ಪಾಲಿಶ್ ಮಾಡಿದ ಬೂಟಿನ ಮೇಲೆ ಬಿತ್ತು. ಹಿಡಿಯಲು ಬಗ್ಗಿದಾಗ ಶಲ್ಯ ಸರಿದು ಎಡಗೈ ಜೋತುಬಿತ್ತು.

ಚನ್ನಯ್ಯ ತಟ್ಟನೆ ಎದ್ದು ಹತ್ತಿರ ಬಂದರು. "ಸ್ವಾಮ್ಯಾರ, ಒಂದ್ಸಲ ನಗ್ರಿ ನೋಡೋಣ."

ಅರ್ಧ ಕಮಲಾಪುರವನ್ನು ಹಾಲಸ್ವಾಮಿ ಕೇಳಿದ ಪ್ರಶ್ನೆ ಈಗ ಅವನ ಕೊರಳಿಗೇ ಬಂದಿತ್ತು. ಅವನು ತುಟಿ ಬಿಗಿದ.

"ಎರಡೂ ಕೈ ಎತ್ರಿ."

ಒಂದೇ ಎದ್ದಿತು.

"ಹೆಸರು ಹೇಳ್ರಿ!"

ಹೆದರಿಕೆಗೆ ನಾಲಿಗೆ ಅಂಗುಳಕ್ಕೆ ಅಂಟಿತ್ತು. "ಹಾ... ಹಾ..." ಎಂದಷ್ಟೇ ಬಂತು.

"ಲಕ್ವಾ!" ಚನ್ನಯ್ಯ ಕೂಗಿದರು. "ಈಗಿಂದೀಗ ಹೊಡದೈತಿ! ಸಿದ್ದು, ಕಾರ್ ತೆಗಿಯಲೇ!"

ಹಾಲಸ್ವಾಮಿ ಹೆಂಡತಿಯ ಮುಖ ನೋಡಿದ. ನಿಜ ಹೇಳಿದರೆ ಸಂಬಂಧ ಹೋಯಿತು, ಹೇಳದಿದ್ದರೆ ಆಸ್ಪತ್ರೆ. ಜಂಬಮ್ಮ ಒಂದು ಗಳಿಗೆ ಲೆಕ್ಕ ಹಾಕಿ, ಸೆರಗು ಬಾಯಿಗಿಟ್ಟು, "ಅಯ್ಯೋ ಶಿವನ, ಈಗರ ಚಲೋ ಇದ್ರಲ್ರೀ!" ಎಂದು ಗೋಳಾಡಿದಳು. ಆ ಅಳು ಕೇಳಿ ಹಾಲಸ್ವಾಮಿಗೇ ಒಂದು ಕ್ಷಣ ತನಗೇನೋ ಆಗಿದೆ ಅನ್ನಿಸಿತು.

ಕಾರು ಕಡ್ಡಿರಾಂಪುರ ದಾಟುವಾಗ ಚನ್ನಯ್ಯ ಅವನ ಕೈ ಉಜ್ಜುತ್ತ ಧೈರ್ಯ ಹೇಳಿದರು. "ಅಂಜಬ್ಯಾಡ್ರಿ. ಇನ್ನೂ ಟೈಮ್ ಐತಿ. ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್ ಹಾಕಿಸೇ ಬಿಡ್ತೀನಿ." ಹಾಲಸ್ವಾಮಿಯ ಬೆವರು ಇಮ್ಮಡಿಯಾಯಿತು. ಆ ಇಂಜೆಕ್ಷನ್ನನ್ನು ಬೇಡದವರಿಗೆ ಹಾಕಿದರೆ ತಲೆಯೊಳಗೆ ರಕ್ತಸ್ರಾವ ಆಗಬಹುದು ಎಂದು ಸ್ವಯಂಸೇವಕರಿಗೆ ಡಾಕ್ಟರು ಹೇಳಿಕೊಟ್ಟಿದ್ದರು. ಮಗಳ ಮದುವೆಗಾಗಿ ಸಾಯುವುದು ಸರಿ, ಆದರೆ ಸತ್ತರೆ ಮದುವೆ ಒಂದು ವರ್ಷ ಮುಂದೆ ಹೋಗುತ್ತದಲ್ಲ ಎಂದು ಯೋಚಿಸುತ್ತಿರುವಾಗಲೇ ಹೊಸಪೇಟೆ ಬಂತು.

ಆಸ್ಪತ್ರೆಯ ಬಾಗಿಲಲ್ಲೇ ನರ್ಸ್ ದುರ್ಗಕ್ಕ ಎದುರಾದಳು. "ಏನ್ ಸ್ವಾಮ್ಯಾರ, ಇವತ್ತು ಯಾರನ್ನ ಹಿಡ್ಕೊಂಡ್ ಬಂದ್ರಿ?"

"ಅವ್ರಲ್ಲವ್ವ, ಅವ್ರನ್ನ ನಾ ಹಿಡ್ಕೊಂಡ್ ಬಂದೀನಿ! ಕೈ ನೋಡು, ಮ್ಯಾಲೇಳವಲ್ದು!" ಚನ್ನಯ್ಯ ಅವಸರಿಸಿದರು.

ದುರ್ಗಕ್ಕ ಹೊಟ್ಟೆ ಹಿಡಿದು ನಕ್ಕಳು. "ಆ ಕೈ ಮೂರು ವರ್ಷದಿಂದ ಹಂಗ ಐತ್ರೀ. ನಮ್ಮಲ್ಲೇ ಗುಣ ಆದವ್ರು, ಈಗ ನಮ್ಮವ್ರೇ."

ಹಾಲಸ್ವಾಮಿ ಬೆಂಚಿನ ಮೇಲೆ ಕುಸಿದು ಕುಳಿತ. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. "ತಪ್ಪಾತ್ರಿ. ನನ್ನಿಂದ ಮಗಳಿಗೆ ಎರಡು ಸಂಬಂಧ ತಪ್ಪಿದ್ವು. ಇದೂ ತಪ್ಪೀತು ಅಂತ ಅಂಜಿದೆ" ಎಂದು ಮಕ್ಕಳಂತೆ ಅತ್ತುಬಿಟ್ಟ.

ಚನ್ನಯ್ಯ ಅವನ ಪಕ್ಕ ಕುಳಿತರು. "ನನಗೂ ಹೊಡದಿತ್ರಿ ಲಕ್ವಾ. ನಾನೂ ನಮ್ಮೂರಾಗ ಇದೇ ಸೇವಾ ಮಾಡ್ತೀನಿ. ಇದು ಗೊತ್ತಾದ್ರ ನನ್ನ ಮಗಗೂ ಯಾರೂ ಹೆಣ್ಣು ಕೊಡವಲ್ರು. ಕಮಲಾಪುರದಾಗ ನಮ್ಮಂಥವ್ರೇ ಒಬ್ರು ಅದಾರ, ಅವ್ರಿಗೆ ತಿಳೀತೈತಿ ಅಂತ ಕೇಳೇ ಬಂದಿದ್ವಿ. ಆಕಿ ನೆಗಡೀನೂ ಬಂದಿಲ್ಲ ಅಂದಾಗ ಮನಿ ತಪ್ಪಿ ಬಂದ್ವಿ ಅನ್ಕೊಂಡು ನಾನೂ ಬಾಯಿ ಮುಚ್ಕೊಂಡೆ."

ಹಾಲಸ್ವಾಮಿಗೆ ಕಿವಿಯನ್ನೇ ನಂಬಲಾಗಲಿಲ್ಲ. ಬೆಳಗಿನಿಂದ ತಡೆದಿಟ್ಟ ನಗು ಸೊಟ್ಟಗೆ, ಧಾರಾಳವಾಗಿ ಮುಖದ ತುಂಬ ಹರಡಿತು. ಇಬ್ಬರೂ ಕೈ ಹಿಡಿದುಕೊಂಡರು. ಶ್ರಾವಣದಲ್ಲಿ ನಿಶ್ಚಯ ಎಂಬಲ್ಲಿಗೆ ಮಾತು ಬಂದಾಗ ಆಟೋದಿಂದ ಜಂಬಮ್ಮ, ವಿರುಪಮ್ಮ ಇಳಿದು ಓಡಿ ಬಂದರು.

"ಏ ಇಕಿನ, ಅಳಬ್ಯಾಡ!" ಹಾಲಸ್ವಾಮಿ ದೂರದಿಂದಲೇ ಕೂಗಿದ. "ಎಲ್ಲಾ ಹೇಳಿಬಿಟ್ಟೀನಿ, ಅವ್ರು ಒಪ್ಯಾರ! ಮಸ್ತ್ ಸಂಗತಿ ಅಂದ್ರ, ಬೀಗರಿಗೂ ಲಕ್ವಾ ಆಗಿತ್ತಂತ!"

ಜಂಬಮ್ಮ ಗಕ್ಕನೆ ನಿಂತಳು. ಕಣ್ಣೊರೆಸಿಕೊಂಡು ಚನ್ನಯ್ಯನವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಗಂಡನ ರಟ್ಟೆ ಹಿಡಿದು ಎಬ್ಬಿಸಿದಳು.

"ನಡೀರಿ ಮನಿಗೆ. ಅಂಥಾ ರೋಗ ಇರೋ ಮನಿಗೆ ನನ್ನ ಮಗಳನ್ನ ಹೆಂಗ ಕೊಡ್ಲಿ?"