ಪಕ್ಕದ ಮನೆಯ ಕಂದಾಯ

ಸಿಟ್ಟು ಬರುವುದು ಕಷ್ಟವಲ್ಲ, ಅದನ್ನು ಇಳಿಸಿ ಬರಲು ಜಾಗ ಸಿಗುವುದು ಕಷ್ಟ. ದಾವಣಗೆರೆಯಲ್ಲಿ ನಮ್ಮಪ್ಪನಿಗೆ ಅಂಥ ಜಾಗವೊಂದಿತ್ತು. ಮನೆ ಕಂದಾಯ ಕಟ್ಟಲು ಹೋಗುವ ದಿನ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎರಡು ದೋಸೆ ಹೆಚ್ಚಿಗೆ ತಿಂದು ಹೊರಡುತ್ತಿದ್ದರು. ಕೌಂಟರಿನ ಆಚೆಯ ಗುಮಾಸ್ತರೂ ತಯಾರಾಗಿಯೇ ಇರುತ್ತಿದ್ದರು. "ಏನ್ರೀ ಇದು, ಚರಂಡಿ ಇಲ್ಲ, ಬೀದಿ ದೀಪ ಇಲ್ಲ, ಸೆಸ್ ಮಾತ್ರ ಇದೆ?" ಎಂದು ಇವರು. "ನನ್ನನ್ಯಾಕ್ರೀ ಕೇಳ್ತೀರಾ, ಬರೆದೋರನ್ನ ಕೇಳಿ" ಎಂದು ಅವರು. ಅರ್ಧ ಗಂಟೆ ಕೂಗಾಡಿ, ಎದುರಿನ ಅಂಗಡಿಯಲ್ಲಿ ಒಟ್ಟಿಗೆ ಕಾಫಿ ಕುಡಿದು, ಇಬ್ಬರೂ ಹಗುರಾಗಿ ಅವರವರ ಕೆಲಸಕ್ಕೆ ಹೋಗುತ್ತಿದ್ದರು. ನಾನಿರುವ ಜಪಾನಿನ ಒಕಾಜಾಕಿಯಲ್ಲಿ ಆ ಸೌಕರ್ಯ ಇಲ್ಲ. ಇಲ್ಲಿ ಜಗಳಕ್ಕೆಂದು ಹೋದರೆ ನಾವು ಬಾಯಿ ತೆರೆಯುವ ಮೊದಲೇ ಅವರು ತಲೆಬಾಗಿ ಕ್ಷಮೆ ಕೇಳಿಬಿಡುತ್ತಾರೆ. ಬಾಗಿದ ತಲೆಯ ನೆತ್ತಿ ನೋಡಿಕೊಂಡು ಎಷ್ಟು ಅಂತ ಬೈಯುವುದು?

ನಾನು ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಅಳತೆ ಪರೀಕ್ಷಿಸುವ ಎಂಜಿನಿಯರ್. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಇಡೀ ಪೆಟ್ಟಿಗೆ ವಾಪಸ್ಸು ಕಳಿಸುವುದು ನನ್ನ ಕೆಲಸ. ಆ ಚಟ ಮನೆಗೂ ಬಂದಿದೆ. ಹಾಲು ಒಡೆದ ದಿನ, ಬಸ್ಸು ತಡವಾದ ದಿನ (ಒಂಬತ್ತು ವರ್ಷದಲ್ಲಿ ನಾಲ್ಕು), ಎಲ್ಲವೂ ನನ್ನ ಡೈರಿಯಲ್ಲಿವೆ. ಮೂರು ವರ್ಷದ ಹಿಂದೆ ನಾನೂ ನನ್ನ ಹೆಂಡತಿ ವಿದ್ಯಾಳೂ ಸೇರಿ ಇಲ್ಲೊಂದು ಹಳೆಯ ಮನೆ ಕೊಂಡೆವು. ಪಕ್ಕದ್ದು ಕೊಬಾಯಾಶಿ ಸಾನ್ ಅವರ ಮನೆ. ಎಪ್ಪತ್ತು ದಾಟಿದ, ನಿವೃತ್ತ, ಒಬ್ಬರೇ ಇರುವ ಮನುಷ್ಯ. ಎರಡೂ ಮನೆ ಒಬ್ಬನೇ ಕಟ್ಟಿದ್ದು, ಒಂದೇ ತಟ್ಟೆಯಲ್ಲಿ ಬೆಂದ ಇಡ್ಲಿಗಳು. ಎರಡಕ್ಕೂ ಹಿಂದುಗಡೆ ಒಂದೊಂದು ಗಾಜಿನ ಕೋಣೆ. ನಮ್ಮದರಲ್ಲಿ ಒಗೆದ ಬಟ್ಟೆಯೂ ಕರಿಬೇವಿನ ಕುಂಡವೂ ಇವೆ. ಅವರದರಲ್ಲಿ ಒಂದು ಬೆತ್ತದ ಕುರ್ಚಿ. ಚಳಿಗಾಲದಲ್ಲಿ ಅವರ ಬೆಳಗೆಲ್ಲ ಅಲ್ಲೇ. ಬೆಳಿಗ್ಗೆ ನಾನು ಕಾಫಿ ಹಿಡಿದು ನಿಂತರೆ ಅವರು ಆಚೆಯಿಂದ ಚಹಾದ ಬಟ್ಟಲು ಎತ್ತುತ್ತಾರೆ, ನಾನು ಲೋಟ ಎತ್ತುತ್ತೇನೆ. ನಮ್ಮ ಸ್ನೇಹದಲ್ಲಿ ಮಾತು ಕಡಿಮೆ.

ಈ ವರ್ಷ ಏಪ್ರಿಲ್ ಹನ್ನೆರಡಕ್ಕೆ ನಗರಸಭೆಯ ಲಕೋಟೆ ಬಂತು. ಮನೆ, ಜಾಗದ ತೆರಿಗೆ. ನಾಲ್ಕು ಕಂತು, ನಾಲ್ಕು ಚೀಟಿ. ಹಿಂದಿನ ಎರಡು ವರ್ಷ ಒಂದಕ್ಷರ ಓದದೆ ಚೀಟಿಯನ್ನು ಕೊಂಬಿನಿಗೆ, ಅಂದರೆ ಹಗಲೂ ರಾತ್ರಿ ತೆರೆದಿರುವ ಬೀದಿಯ ಅಂಗಡಿಗೆ, ಒಯ್ದು, ಮೊಸರಿನ ಜೊತೆ ಕಂದಾಯವನ್ನೂ ಕಟ್ಟಿ ಬಂದಿದ್ದೆ. ಈ ಸಲ ವಿದ್ಯಾ ಒಳಗಿನ ಕರಪತ್ರ ಓದಿ ಹೇಳಿದಳು: ತೆರಿಗೆ ಕಟ್ಟುವ ಯಾರು ಬೇಕಾದರೂ ತಿಂಗಳ ಕೊನೆಯವರೆಗೆ ಕಚೇರಿಗೆ ಬಂದು, ಊರಿನ ಉಳಿದ ಮನೆಗಳಿಗೆ ಎಷ್ಟು ಬೆಲೆ ಕಟ್ಟಿದ್ದಾರೆಂದು ಪುಸ್ತಕ ನೋಡಿ ಹೋಲಿಸಿಕೊಳ್ಳಬಹುದಂತೆ. ಅದೂ ಪುಕ್ಕಟೆ. ನಮ್ಮೂರಲ್ಲಿ ಹೀಗೆ ಪುಸ್ತಕ ತೆರೆದಿಟ್ಟರೆ ಕ್ಯೂ ರೈಲ್ವೆ ಸ್ಟೇಷನ್ ಮುಟ್ಟುತ್ತದೆ. ಇಲ್ಲಿ ಏಪ್ರಿಲ್ ಹದಿನೆಂಟಕ್ಕೆ ರಜೆ ಹಾಕಿ ಹೋದರೆ, ಆ ಕೋಣೆಯಲ್ಲಿ ಇದ್ದವನು ನಾನೊಬ್ಬನೇ.

ಪುಸ್ತಕದಲ್ಲಿ ಹೆಸರಿಲ್ಲ, ಬರೀ ಮನೆಯ ಸಂಖ್ಯೆ. ಪಕ್ಕದ ಸಂಖ್ಯೆ ನನಗೆ ಗೊತ್ತಿಲ್ಲವೇ? ನೋಡಿದೆ. ನಮ್ಮ ಮನೆ ಅವರದಕ್ಕಿಂತ ಐದೂವರೆ ಚದರ ಮೀಟರ್ ದೊಡ್ಡದಂತೆ! ಕಂದಾಯದಲ್ಲಿ ವರ್ಷಕ್ಕೆ ಆರು ಸಾವಿರ ಯೆನ್ ವ್ಯತ್ಯಾಸ. ಹಣದ ಮಾತು ಬಿಡಿ, ಆ ಅಳತೆ ಹಸಿ ಸುಳ್ಳು. ಒಂದೇ ಅಚ್ಚಿನ ಎರಡು ತುಂಡಿನಲ್ಲಿ ಇಂಥ ವ್ಯತ್ಯಾಸ ಬಂದರೆ ನಮ್ಮ ಕಾರ್ಖಾನೆಯಲ್ಲಿ ಯಂತ್ರವನ್ನೇ ನಿಲ್ಲಿಸುತ್ತೇವೆ. ಕೌಂಟರಿಗೆ ಹೋಗಿ ನನಗೆ ಬರುವ ಜಪಾನಿ ಭಾಷೆಯ ಅತಿ ಒರಟು ರೂಪದಲ್ಲಿ ಗುಡುಗಿದೆ. ಮೋರಿ ಸಾನ್ ಎಂಬ ಮಧ್ಯವಯಸ್ಸಿನ ನೌಕರ ಬಂದು "ಸುಮಿಮಾಸೆನ್", ಕ್ಷಮಿಸಿ, ಎಂದ. ಕೂರಿಸಿ ಇನ್ನೊಮ್ಮೆ ಎಂದ. ಇಪ್ಪತ್ತು ನಿಮಿಷದಲ್ಲಿ ಹದಿನಾಲ್ಕು ಸಲ. ಕೊನೆಗೆ, ಮೇಲ್ಮನವಿಗೆ ಸಮಿತಿ ಇದೆ, ನಮೂನೆ ಇದೆ, ಮೂರು ತಿಂಗಳ ಅವಕಾಶ ಇದೆ, ಅದಕ್ಕೆ ಮೊದಲು ತಾನೇ ಪರಿಶೀಲಿಸುತ್ತೇನೆ ಎಂದು ಹೇಳಿ ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಬಾಗಿಯೇ ನಿಂತಿದ್ದ. ಹೋದಾಗಿನ ಸಿಟ್ಟನ್ನು ಹಾಗೇ ಹೊತ್ತುಕೊಂಡು ಮನೆಗೆ ಬಂದೆ.

"ಅವರು ತಪ್ಪು ಅಳೆದಿದ್ದಾರೆ, ಬಿಡಲ್ಲ" ಎಂದೆ.

"ನಿಂಗೆ ಜಾಸ್ತಿ ಬಂತು ಅಂತಲ್ಲ ಕಣೋ ಸಿಟ್ಟು, ಪಕ್ಕದವರಿಗೆ ಕಡಿಮೆ ಬಂತು ಅಂತ" ಎಂದಳು ವಿದ್ಯಾ.

"ಇದು ನ್ಯಾಯದ ಪ್ರಶ್ನೆ."

"ಆರು ಸಾವಿರಕ್ಕೆ ಎಷ್ಟು ನ್ಯಾಯ ಬರತ್ತೋ ನೋಡೋಣ."

ಭಾನುವಾರ ಟೇಪು ತೆಗೆದುಕೊಂಡು ನಮ್ಮ ಮನೆ ಅಳೆದೆ. ಹೋಲಿಸಲು ಪಕ್ಕದ್ದೂ ಬೇಕಲ್ಲ? ನಗರಸಭೆ ನನ್ನ ಮನೆಯನ್ನು ತಪ್ಪು ಅಳೆದಿದೆ, ನಿಮ್ಮ ಮನೆಯನ್ನೂ ಒಮ್ಮೆ ಅಳೆಯಲೇ ಎಂದು ಕೊಬಾಯಾಶಿ ಸಾನ್ ಅವರನ್ನೇ ಕೇಳಿದೆ. "ಅಯ್ಯೋ, ನಿಮಗೆಷ್ಟು ತೊಂದರೆ" ಎಂದು ಅವರು ಚಪ್ಪಲಿ ಮೆಟ್ಟಿಕೊಂಡು ಬಂದು ಟೇಪಿನ ಇನ್ನೊಂದು ತುದಿ ಹಿಡಿದು ನಿಂತರು. ಗಾಜಿನ ಕೋಣೆಯ ಮೂಲೆಯಲ್ಲಿ ಟೇಪು ಸರಿಯಾಗಿ ಕೂರಲೆಂದು ಬೆತ್ತದ ಕುರ್ಚಿಯನ್ನೂ ಸರಿಸಿಕೊಟ್ಟರು. ಬಾಗಿಲು, ಕಿಟಕಿ, ಗಾಜಿನ ಕೋಣೆ ಎಲ್ಲ ಬರೆದು, ಎರಡೂ ಮನೆಗಳ ಕೋಷ್ಟಕ ಅಕ್ಕಪಕ್ಕ ಮಾಡಿದೆ. ಕೆಳಗೆ ಕೆಂಪು ಶಾಯಿಯಲ್ಲಿ ಬರೆದೆ: ಅವರ ಮನೆಯಲ್ಲಿ ಇಲ್ಲದ್ದು ನನ್ನ ಮನೆಯಲ್ಲಿ ಒಂದೂ ಇಲ್ಲ.

ಅದನ್ನು ನಗರಸಭೆಗೆ ಒಯ್ದು ಕೊಟ್ಟಾಗ ಮೋರಿ ಸಾನ್ ಎರಡು ಸಲ ಓದಿದ. "ಇಷ್ಟು ಅಚ್ಚುಕಟ್ಟಾದ ಪಟ್ಟಿಯನ್ನು ನಾನು ನೋಡಿಯೇ ಇಲ್ಲ. ನಕಲು ತೆಗೆದುಕೊಳ್ಳಬಹುದೇ?" ಎಂದು ಕೇಳಿದ. ಗೆದ್ದೆ ಅಂದುಕೊಂಡೆ. ವಿದ್ಯಾಳಿಗೆ ಫೋನು ಮಾಡಿ ಪಾಯಸ ಮಾಡು ಎಂದೂ ಹೇಳಿದೆ.

ಜೂನಿನಲ್ಲಿ ಇಬ್ಬರು ಬಂದು ಎರಡೂ ಮನೆ ಅಳೆದು ಹೋದರು. ಜುಲೈ ಮೂರಕ್ಕೆ ಪತ್ರ ಬಂತು. ವಿದ್ಯಾ ಓದುತ್ತಾ ಓದುತ್ತಾ ನಿಧಾನವಾದಳು. ನನ್ನ ಮನೆಯ ಅಳತೆ ಸರಿಯಾಗಿಯೇ ಇದೆ, ತೊಂದರೆಗೆ ಕ್ಷಮಿಸಿ, ಅಷ್ಟೇ. ಉಳಿದದ್ದನ್ನು ಸಂಜೆ ಬೇಲಿಯ ಬಳಿ ಕೊಬಾಯಾಶಿ ಸಾನ್ ಅವರೇ ಹೇಳಿದರು. ಗಾಜಿನ ಕೋಣೆ ಅಚ್ಚಿನಲ್ಲಿ ಬಂದದ್ದಲ್ಲವಂತೆ. ನಮ್ಮ ಮನೆಯ ಹಳೆಯ ಮಾಲೀಕರು ಕಟ್ಟಿಸಿ ಲೆಕ್ಕಕ್ಕೆ ಹಾಕಿಸಿದ್ದರು. ಅದನ್ನು ನೋಡಿ ಆಸೆಪಟ್ಟು ಇವರು ಪರಿಚಯದ ಬಡಗಿಯಿಂದ ತಮಗೂ ಒಂದು ಕಟ್ಟಿಸಿಕೊಂಡಿದ್ದರು. ಅದನ್ನು ನಗರಸಭೆಗೆ ತಿಳಿಸಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಈಗ ಹಿಂದಿನ ವರ್ಷಗಳ ಬಾಕಿಯೂ ಸೇರಿ ಬಂದಿದೆ. "ಇಷ್ಟು ವರ್ಷ ನೀವು ಹೆಚ್ಚು ಕಟ್ಟುತ್ತಿದ್ದಿರಿ, ನಾನು ಕಡಿಮೆ. ನಾಚಿಕೆಯಾಗುತ್ತದೆ. ನೀವು ಅಳೆಯದಿದ್ದರೆ ಗೊತ್ತೇ ಆಗುತ್ತಿರಲಿಲ್ಲ" ಎಂದು ಬೇಲಿಯ ಮೇಲಿಂದ ಬಾಗಿದರು.

ಇದನ್ನು ವ್ಯಂಗ್ಯ ಎಂದುಕೊಳ್ಳಲು ತುಂಬಾ ಪ್ರಯತ್ನಪಟ್ಟೆ. ವ್ಯಂಗ್ಯವಾಗಿದ್ದರೆ ಒಂದು ದಾರಿಯಿತ್ತು, ನಾನೂ ಏನಾದರೂ ಅನ್ನಬಹುದಿತ್ತು. ಆದರೆ ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಬಟ್ಟಲು ಎತ್ತಿದರು. ನನ್ನ ಲೋಟ ಅರ್ಧಕ್ಕೇ ನಿಂತಿತು. "ಬಾಕಿಯಲ್ಲಿ ಸ್ವಲ್ಪ ನಾವು ಕೊಡೋಣವಾ?" ಎಂದು ವಿದ್ಯಾಳನ್ನು ಕೇಳಿದೆ. "ಕೊಟ್ಟು ನೋಡು, ಅದಕ್ಕೆ ಅವರು ಎರಡರಷ್ಟು ಉಡುಗೊರೆ ತರ್ತಾರೆ. ಸುಮ್ನೆ ಇರು ಸಾಕು" ಎಂದಳು. ಮೇಲ್ಮನವಿಯ ನಮೂನೆಯನ್ನು ಹರಿದು, ಉಳಿದ ಕಂತುಗಳನ್ನೆಲ್ಲ ಒಟ್ಟಿಗೆ ಕಟ್ಟಿ ಬಂದೆ. ಕೊಂಬಿನಿಯ ಹುಡುಗಿ ಅದಕ್ಕೂ ಅರಿಗಾತೋ, ಧನ್ಯವಾದ, ಎಂದಳು. ಅವಳ ಮೇಲೂ ರೇಗಿತು.

ನವೆಂಬರ್ ಒಂಬತ್ತಕ್ಕೆ ಕೊಬಾಯಾಶಿ ಸಾನ್ ನಮ್ಮ ಬಾಗಿಲಿಗೆ ಬಂದರು. ಕೋಟು ಹಾಕಿದ್ದರು, ಕೈಯಲ್ಲಿ ಸಿಹಿಯ ಪೊಟ್ಟಣವಿತ್ತು. ಇಲ್ಲಿ ಮನೆಯಲ್ಲಿ ಒಡೆಯುವ ಕಟ್ಟುವ ಕೆಲಸವಿದ್ದರೆ ಅಕ್ಕಪಕ್ಕದವರಿಗೆ ಮೊದಲೇ ಹೀಗೆ ಹೇಳಿ ಹೋಗುವುದು ಪದ್ಧತಿ.

"ಶ್ರೀಧರ ಸಾನ್, ಮುಂದಿನ ವಾರ ಎರಡು ದಿನ ಸದ್ದಾಗುತ್ತದೆ. ದಯವಿಟ್ಟು ಸಹಿಸಿಕೊಳ್ಳಿ."

"ಏನು ಕೆಲಸ?"

"ಗಾಜಿನ ಕೋಣೆ ತೆಗೆಸುತ್ತಿದ್ದೇನೆ. ಜನವರಿ ಒಂದಕ್ಕೆ ಇದ್ದದ್ದನ್ನು ನಗರಸಭೆಯವರು ಆ ವರ್ಷದ ಲೆಕ್ಕಕ್ಕೆ ಹಿಡಿಯುತ್ತಾರಂತೆ. ಪಿಂಚಣಿಯವನಿಗೆ ಅದು ಸ್ವಲ್ಪ ದುಬಾರಿ ಬಿಸಿಲು." ಅವರು ನಕ್ಕರು. "ನೀವು ಬಟ್ಟೆ ಒಣಗಿಸುವ ದಿನ ಹೇಳಿ, ಆ ದಿನ ಕೆಲಸ ಬೇಡವೆನ್ನುತ್ತೇನೆ. ಧೂಳು ಬರುತ್ತದೆ."

ತೆಗೆಸಬೇಡಿ ಎನ್ನಬೇಕೆಂದಿದ್ದೆ. ಬಾಯಿಂದ ಹೊರಟದ್ದು ಸುಮಿಮಾಸೆನ್. ಸೊಂಟ ತಾನಾಗಿಯೇ ಬಾಗಿತು, ಎದುರಿಗೆ ಅವರೂ ಬಾಗಿದರು. ಬಾಗಿಲಲ್ಲಿ ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ, ಅದನ್ನು ನಾನು ಲೆಕ್ಕ ಇಟ್ಟಿಲ್ಲ.

ಎರಡು ದಿನ ಸದ್ದಾಯಿತು. ಈಗ ಆ ಕಡೆ ಬರೀ ಗೋಡೆ. ಮುಂದಿನ ಏಪ್ರಿಲಿನಲ್ಲಿ ರಜೆ ಹಾಕಿ ನಗರಸಭೆಯ ಪುಸ್ತಕ ನೋಡುವ ಅಗತ್ಯವಿಲ್ಲ. ನಮ್ಮ ಮನೆ ಪಕ್ಕದ ಮನೆಗಿಂತ ಐದೂವರೆ ಚದರ ಮೀಟರ್ ದೊಡ್ಡದು. ಟೇಪು ಹಿಡಿದು ಅಳೆದರೂ ಈಗ ಅಷ್ಟೇ ಬರುತ್ತದೆ.