ಕಾಮಗೆರೆಯವರು ಸೋತ ವರ್ಷ

ಪುಟ್ಟಮಲ್ಲಪ್ಪನ ಗ್ರಹಚಾರ ಶುರುವಾದದ್ದು ಅವನು ಕಾಮಗೆರೆಗೆ ಅಳಿಯನಾದ ದಿನವೇ. ಕೊಳ್ಳೇಗಾಲದ ರೇಷ್ಮೆ ಅಂಗಡಿಯ ಗುಮಾಸ್ತ, ಊರಿನ ವಾಲಿಬಾಲ್ ತಂಡಕ್ಕೆ ಕ್ಯಾಪ್ಟನ್. ಪ್ರತಿ ಯುಗಾದಿಗೆ ನಡೆಯುವ ಪಂದ್ಯಾವಳಿಯಲ್ಲಿ ಈ ತಂಡವನ್ನು ಸೋಲಿಸುತ್ತಿದ್ದವರು ಕಾಮಗೆರೆಯವರು. ಅವರ ಕ್ಯಾಪ್ಟನ್ ಪುಟ್ಟಮಾದಯ್ಯ ಬೇರೆ ಯಾರೂ ಅಲ್ಲ, ಇವನ ಹೆಂಡತಿಯ ಒಡಹುಟ್ಟಿದ ತಮ್ಮ. ಸೋತ ದಿನವೇ ಮಾವನ ಮನೆಯಲ್ಲಿ ಹಬ್ಬದೂಟ. ಎಲೆಗೆ ಒಬ್ಬಟ್ಟು ಹಾಕುತ್ತಾ ಮೈದುನ ಬೇಕೆಂದೇ ಆಟದ ಮಾತು ತೆಗೆಯುತ್ತಿದ್ದ. ಒಂದೇ ಒಂದು ಸಲ ಗೆದ್ದು ಆ ಪಂಕ್ತಿಯಲ್ಲಿ ಕೂರಬೇಕು, ಪಾಪ, ಅಷ್ಟೇ ಇವನ ಆಸೆ. ಮೊಣಕಾಲು ನೋವು ಬೇರೆ ಹತ್ತಿಕೊಂಡಿತ್ತು. ಇದೇ ಕೊನೆಯ ವರ್ಷವೆಂದು ಅವನಿಗೂ ಗೊತ್ತಿತ್ತು.

ಅರವತ್ತೆಂಟನೇ ಇಸವಿಯ ಆ ಯುಗಾದಿಗೆ ಅವನೊಂದು ಉಪಾಯ ಮಾಡಿದ. ಸುತ್ತಿನ ಸೀಮೆಗೆಲ್ಲ ಹೆಸರಾದ ಮೂವರು ಹೊಡೆತಗಾರರನ್ನು ಒಟ್ಟಿಗೆ ತಂದ: ಹನೂರಿನ ನಂಜಯ್ಯ, ಕುಂತೂರಿನ ಚಿನ್ನಸ್ವಾಮಿ, ಹೊನ್ನೂರಿನ ಪುಟ್ಟಸಿದ್ದಯ್ಯ. ನೆಟ್ಟಿನ ಬಳಿ ನಿಂತು ಇವರಿಗೆ ಚೆಂಡು ಎತ್ತಿಕೊಡುವುದು ಪುಟ್ಟಮಲ್ಲಪ್ಪನ ಕೆಲಸ. ಒಬ್ಬೊಬ್ಬರ ಊರಿಗೂ ಬಸ್ಸಿನಲ್ಲಿ ಹೋಗಿ, ಒಬ್ಬೊಬ್ಬರ ಕಿವಿಯಲ್ಲೂ ಒಂದೇ ಮಾತು ಹೇಳಿ ಬಂದಿದ್ದ: "ಚೆಂಡ್ ಎತ್ತದು ನಿಂಗೊಬ್ಬಂಗೇ ಕಣಪ್ಪ. ಮಿಕ್ಕೋರೆಲ್ಲ ಸುಮ್ನೆ ಲೆಕ್ಕಕ್ಕೆ."

ಬೆಳಗಿನ ಪಂದ್ಯದಲ್ಲೇ ಎಡವಟ್ಟಾಯಿತು. ನಂಜಯ್ಯನಿಗೆ ಎತ್ತಿಕೊಟ್ಟರೆ ಚಿನ್ನಸ್ವಾಮಿ ಸೊಂಟದ ಮೇಲೆ ಕೈಯಿಟ್ಟು ನಿಂತ. ಚಿನ್ನಸ್ವಾಮಿಗೆ ಕೊಟ್ಟರೆ ಪುಟ್ಟಸಿದ್ದಯ್ಯ ಕೆಂಗಣ್ಣು ಬಿಟ್ಟು ನೋಡಿದ. ಎಲ್ಲರಿಗೂ ಕಣ್ಣು ಮಿಟುಕಿಸಿ, ಮುಂದಿನದು ನಿನಗೇ ಎಂದು ಸನ್ನೆ ಮಾಡಿ ಮಾಡಿ ಪುಟ್ಟಮಲ್ಲಪ್ಪನ ರೆಪ್ಪೆಯೇ ಸೋತುಹೋಯಿತು. ಎದುರಾಳಿಗಳು ಎಳೆಯರಾದ್ದರಿಂದ ಹೇಗೋ ಬಚಾವಾದರು.

ಮಧ್ಯಾಹ್ನ ಕಾಮಗೆರೆಯವರ ಎದುರಿನ ಪಂದ್ಯದಲ್ಲಿ ಆ ಪುಣ್ಯವೂ ಇರಲಿಲ್ಲ. ಒಂದು ಸಲ ಮೂವರೂ ಒಂದೇ ಚೆಂಡಿಗೆ ಹಾರಿ ಒಬ್ಬರ ಮೇಲೊಬ್ಬರು ಬಿದ್ದರು. ಮರುಸಲ ಮೂವರೂ ಮುನಿಸಿನಿಂದ ನಿಂತಲ್ಲೇ ನಿಂತರು, ಚೆಂಡು ನಡುವೆ ಬಂದು ಬಿತ್ತು. ಮೊದಲ ಆಟ ಹೋಯಿತು. ಬಿಡುವಿನಲ್ಲಿ ಮೂವರೂ ಹುಣಸೆ ಮರದ ಕೆಳಗೆ ಸೇರಿದ್ದು ಕಂಡು, ಹೊಡೆದಾಡಿಯೇ ಬಿಡುತ್ತಾರೆಂದು ಪುಟ್ಟಮಲ್ಲಪ್ಪ ಕುಂಟುತ್ತಾ ಓಡಿದ. ಹೋಗಿ ನೋಡಿದರೆ ಅಣ್ಣತಮ್ಮಂದಿರ ಹಾಗೆ ಒಂದೇ ಚೊಂಬಿನಲ್ಲಿ ನೀರು ಕುಡಿಯುತ್ತಿದ್ದರು.

ನಂಜಯ್ಯ ಮೆತ್ತಗೆ ಹೇಳಿದ: "ಅಣ್ಣ, ನಮ್ ಮೂರ್ ಜನುಕ್ಕೂ ಜಗಳ ಇಲ್ಲ. ನೀವು ಮೂರೂರ್ಗೂ ಓಗಿ ಒಂದೇ ಮಾತ ಯೋಳಿದ್ದೀರಿ, ಅದು ಈಗ ಗೊತ್ತಾಯ್ತು. ನಿಮ್ ಕೈಲಿ ಚೆಂಡ್ ಇರಗಂಟ ನಾವ್ ಆಡಕಾಗಲ್ಲ. ಆಚಿಗ್ ಕೂತ್ಕಳಿ."

ಹೀಗೆ ಕ್ಯಾಪ್ಟನ್ ಗೆರೆಯಾಚೆ ಕೂತ. ಅವನ ಜಾಗಕ್ಕೆ ಬಂದವನು ಬದಲಿ ಆಟಗಾರ ಮಹದೇವಯ್ಯ. ಅವನು ಯಾರಿಗೂ ಯಾವ ಮಾತೂ ಕೊಟ್ಟವನಲ್ಲ. ಯಾರು ಅನುಕೂಲವಾಗಿ ನಿಂತಿದ್ದರೋ ಅವರಿಗೆ ಎತ್ತಿಕೊಟ್ಟ. ಮೂವರೂ ಸರದಿಯ ಮೇಲೆ ಬಾರಿಸಿದರು. ನಿಜ ಹೇಳಬೇಕೆಂದರೆ, ಪುಟ್ಟಮಲ್ಲಪ್ಪ ಮೊದಲು ತನ್ನವರು ಸೋಲಲಿ ಎಂದೇ ಬೇಡಿಕೊಂಡ. ಆಮೇಲೆ ತನ್ನ ಮೇಲೆ ತನಗೇ ನಾಚಿಕೆಯಾಗಿ, ಗಂಟಲು ಕಟ್ಟುವಂತೆ ಕೂಗಿದ. ಕೊಳ್ಳೇಗಾಲ ಗೆದ್ದಿತು. ತಾನು ಎತ್ತಿದ ಒಂದು ಚೆಂಡೂ ಆ ಗೆಲುವಿನಲ್ಲಿ ಇರಲಿಲ್ಲವಲ್ಲ ಎಂದು ಅವನ ಹೊಟ್ಟೆ ಉರಿಯಿತು.

ಆದರೇನು, ಗೆದ್ದದ್ದು ತನ್ನ ತಂಡವೇ ತಾನೇ? ಹಾಗೆಂದು ಸಮಾಧಾನ ಮಾಡಿಕೊಂಡು ಮಾವನ ಮನೆಯ ಪಂಕ್ತಿಯಲ್ಲಿ ಎದೆ ಸೆಟೆಸಿ ಕೂತ. ಮೈದುನ ಬಂದು, ನಗದೆ, ಭಾರಿ ಮರ್ಯಾದೆಯಿಂದ ತುಪ್ಪ ಬಡಿಸಿದ.

"ಇಷ್ಟ್ ವರ್ಸ ನಮ್ಮನ್ನ ಗೆಲ್ಲುಸ್ತಿದ್ದೋರು ನೀವೇ ಅಂತ ಇವತ್ತ್ ಗೊತ್ತಾಯ್ತು ಕಣ್ ಬಾವ," ಅಂದ. "ಬರೋ ವರ್ಸನೂ ದಯವಿಟ್ಟು ನೀವೇ ಆಡಿ."