ಎಲ್ಲವೂ ಟಿಕೆಟ್ಟಿನಲ್ಲೇ ಸೇರಿದೆ

ಹೋಟೆಲಿನಲ್ಲಿ ತಿಂದು, ಕೈ ತೊಳೆದು ಬಂದಮೇಲೆ ಜಗಳವಾಡದೆ ನಾನೂ ನನ್ನ ಹೆಂಡತಿಯೂ ಬಾಗಿಲು ದಾಟಿದ್ದೇ ಇಲ್ಲ. ಜಗಳ ಊಟದ ಬಗ್ಗೆ ಅಲ್ಲ, ಬಿಲ್ಲಿನ ಬಗ್ಗೆಯೂ ಅಲ್ಲ. ಬಿಲ್ಲು ಕೊಟ್ಟಮೇಲೆ ತಟ್ಟೆಯಲ್ಲಿ ಬಿಡುವ ಟಿಪ್ಸಿನ ಬಗ್ಗೆ. ನಾನು ಬಿಟ್ಟರೆ ಅವಳು "ಇಷ್ಟೇನಾ?" ಅನ್ನುತ್ತಾಳೆ. ಅವಳು ಬಿಟ್ಟರೆ ನಾನು "ಇಷ್ಟೊಂದಾ?" ಅನ್ನುತ್ತೇನೆ. ಈ ಎರಡು ಪ್ರಶ್ನೆಗಳ ನಡುವೆ ಬಡಪಾಯಿ ಸರ್ವರು ಗೋಡೆ ನೋಡಿಕೊಂಡು ನಿಂತಿರುತ್ತಾನೆ.

ನಾನು ಟೈಲರು. ನನ್ನ ಅಂಗಡಿಯ ಗೋಡೆಯ ಮೇಲೆ ಒಂದು ಬೋರ್ಡಿದೆ: "ಒಂದೇ ದರ. ಕಮ್ಮಿ ಕೇಳಬೇಡಿ, ಹೆಚ್ಚಿಗೆ ಕೊಡಬೇಡಿ." ಪ್ಯಾಂಟು ಹೊಲಿದೆನೆಂದರೆ ದಾರ, ಗುಂಡಿ, ಜಿಪ್ಪು, ಜೇಬಿನ ಬಟ್ಟೆ, ಇಸ್ತ್ರಿ ಎಲ್ಲವೂ ಅದರಲ್ಲೇ ಸೇರಿತು. ಗುಂಡಿಗೆ ಕಾಜಾ ಮಾಡಿಕೊಟ್ಟು, ಮೇಲೇನಾದರೂ ಸಿಗಲೆಂದು ಪಕ್ಕದಲ್ಲಿ ನಿಂತು ತಲೆ ಕೆರೆದುಕೊಳ್ಳುವ ಜಾತಿಯಲ್ಲ ನಾನು. (ಹೇಳಿದ ದಿನಕ್ಕೆ ಕೊಡುವುದು ಮಾತ್ರ ದರದಲ್ಲಿ ಸೇರಿಲ್ಲ. ಅದು ಬೇರೆ ವಿಷಯ.)

ಹೀಗಿರುವಾಗ ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತು. ಹಡಗಿನಲ್ಲಿ ಒಂದು ವಾರ ಸುತ್ತಾಡಿಕೊಂಡು ಬರೋಣವೆಂದು ನಾನೇ ಬಾಯಿಬಿಟ್ಟೆ. ಇಪ್ಪತ್ತೈದು ವರ್ಷ ಮಷಿನ್ನಿನ ಮೇಲೆ ಬಗ್ಗಿ ಬಗ್ಗಿ ನನ್ನ ಕತ್ತು ಕೊಡೆಯ ಹಿಡಿಯಂತಾಗಿದೆ. ನಾನು ಕಂಡ ಅತಿ ದೂರದ ವಸ್ತುವೆಂದರೆ ಎದುರಿನ ಔಷಧಿ ಅಂಗಡಿ. ಒಂದು ವಾರವಾದರೂ ಸೂಜಿಯ ಮುಖ ನೋಡದೆ, ಡೆಕ್ಕಿನ ಮೇಲೆ ಕುರ್ಚಿ ಹಾಕಿಕೊಂಡು, ಕತ್ತು ನೆಟ್ಟಗೆ ಮಾಡಿ ಸಮುದ್ರ ನೋಡುತ್ತ ಕೂರಬೇಕು. ಜೀವನದಲ್ಲಿ ಬೇರೇನನ್ನೂ ನಾನು ಇಷ್ಟು ಆಸೆಪಟ್ಟಿರಲಿಲ್ಲ.

ಪ್ರವಾಸದ ಏಜೆಂಟು ಎರಡು ಬಗೆಯ ಟಿಕೆಟ್ಟು ಮುಂದಿಟ್ಟ. ಒಂದರಲ್ಲಿ ಟಿಪ್ಸು ಸೇರಿಲ್ಲ, ಅದನ್ನು ನಾವೇ ಕೈಯಾರೆ ಕೊಡಬೇಕು. ಇನ್ನೊಂದರಲ್ಲಿ ಎಲ್ಲ ಸೇರಿದೆ, ಆದರೆ ದರ ಸ್ವಲ್ಪ ಜಾಸ್ತಿ.

"ಸೇರಿರೋದೇ ಕೊಡಿ," ಎಂದೆ ನಾನು.

"ಸೇರದೇ ಇರೋದು ಕೊಡಿ," ಎಂದಳು ಇವಳು.

ಏಜೆಂಟು ಗೋಡೆ ನೋಡತೊಡಗಿದ.

"ಅಲ್ಲ ಕಣೇ, ಒಬ್ಬ ಮನುಷ್ಯನ ಸಂಬಳ ನನ್ನ ಮೂಡಿನ ಮೇಲೆ ಯಾಕೆ ನಿಲ್ಬೇಕು? ಅವತ್ತು ನನ್ನ ಚಪ್ಪಲಿ ಕಚ್ತು, ಸಿಡಿಮಿಡಿ ಅಂತಿದೀನಿ ಅಂದ್ಕೋ. ಅದಕ್ಕೆ ಅವನ ಮಕ್ಕಳ ಫೀಸಿಗೆ ಕತ್ತರಿ ಬೀಳ್ಬೇಕಾ? ಟಿಕೆಟ್ಟಲ್ಲೇ ಸೇರಿಸಿಬಿಟ್ರೆ ಅವನೂ ನೆಮ್ಮದಿ, ನಾನೂ ನೆಮ್ಮದಿ."

"ನೀವೇನೋ ನೆಮ್ಮದಿಯಾಗಿರ್ತೀರ. ಟಿಕೆಟ್ಟಲ್ಲಿ ಕೊಟ್ಟಿದ್ದು ಯಾರ ಕೈಗೆ ಹೋಯ್ತು ಅಂತ ಯಾರಿಗೆ ಗೊತ್ತು? ನನ್ನ ಹಾಸಿಗೆ ಹಾಸಿದೋರಿಗೆ ನಾನು ಮುಖ ನೋಡಿ ಕೊಡ್ಬೇಕು ರೀ. ಕೊಟ್ಟೆ ಅಂತ ನನ್ನ ಕೈಗೂ ಗೊತ್ತಾಗ್ಬೇಕು."

"ಕೈಗೆ ಏನೇ ಗೊತ್ತಾಗೋದು?"

"ನಿಮಗೆ ಹೇಳಿದ್ರೆ ಅರ್ಥ ಆಗಲ್ಲ ಬಿಡಿ."

ದುಡ್ಡು ಕೊಡುವವನು ನಾನಾದ್ದರಿಂದ ಆ ಯುದ್ಧದಲ್ಲಿ ನಾನೇ ಗೆದ್ದೆ. ಗೆದ್ದ ಅಮಲಿನಲ್ಲಿ ಇನ್ನೊಂದು ಷರತ್ತನ್ನೂ ಹಾಕಿದೆ. ಹಡಗಿನಲ್ಲಿ ನಾನು ಟೈಲರೆಂದು ಯಾರಿಗೂ ಹೇಳಬಾರದು. ಈ ಷರತ್ತಿಗೆ ಕಾರಣವಿದೆ. ನಾನು ಟೈಲರೆಂದು ಗೊತ್ತಾದರೆ ಸಾಕು, ಎಲ್ಲರ ಬಟ್ಟೆಯೂ ಆ ಕ್ಷಣವೇ ಹರಿಯುತ್ತದೆ. ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ನರ್ಸಮ್ಮ ಒಂದು ಕೈಯಲ್ಲಿ ಇಂಜೆಕ್ಷನ್ನು, ಇನ್ನೊಂದು ಕೈಯಲ್ಲಿ ತೋಳು ಕಿತ್ತ ಕೋಟು ಹಿಡಿದೇ ಬಂದಿದ್ದಳು.

"ಆಯ್ತು, ನಾನು ಯಾರಿಗೂ ಹೇಳಲ್ಲ," ಎಂದು ಇವಳು ನನ್ನ ತಲೆ ಮುಟ್ಟಿ ಹೇಳಿದಳು. ಆ ತಲೆ ನನ್ನದು, ಏನಾದರೂ ಆದರೆ ಆಗುವುದು ನನಗೇ ಎಂದು ಆಗ ಹೊಳೆಯಲಿಲ್ಲ.

ಹಡಗು ಹತ್ತಿದೆವು. ನಮ್ಮ ಕೋಣೆ ಚಿಕ್ಕದಾದರೂ ಚೊಕ್ಕವಾಗಿತ್ತು. ಎರಡು ಹಾಸಿಗೆ, ಒಂದು ದುಂಡು ಕಿಟಕಿ, ಎರಡು ಹೆಜ್ಜೆ ಅಗಲದ ಬಾಲ್ಕನಿ. ಕೋಣೆ ನೋಡಿಕೊಳ್ಳುವವನು ನನ್ನಷ್ಟೇ ವಯಸ್ಸಿನ, ದಪ್ಪ ಮೀಸೆಯ ಮನುಷ್ಯ. ಇವಳು ಅವನಿಗೆ ಅಲ್ಲೇ "ಮೀಸೆಯಣ್ಣ" ಎಂದು ನಾಮಕರಣ ಮಾಡಿಬಿಟ್ಟಳು. ಊಟ ಮುಗಿಸಿ ಬರುವಷ್ಟರಲ್ಲಿ ಮೀಸೆಯಣ್ಣ ಬಿಳಿ ಟವಲನ್ನು ಮಡಚಿ ಒಂದು ಹಂಸ ಮಾಡಿ ಹಾಸಿಗೆಯ ಮೇಲೆ ಕೂರಿಸಿದ್ದ. ಆ ಹಡಗಿನಲ್ಲಿ ಅದು ಪದ್ಧತಿಯಂತೆ, ದಿನಕ್ಕೊಂದು ಪ್ರಾಣಿ.

"ಅಯ್ಯೋ, ಎಷ್ಟು ಚೆನ್ನಾಗಿದೆ ರೀ!" ಎಂದು ಇವಳ ಕೈ ತಾನಾಗಿಯೇ ಪರ್ಸಿಗೆ ಹೋಯಿತು.

ನೋಟು ಕಂಡದ್ದೇ ಮೀಸೆಯಣ್ಣ ಹಾವು ಕಂಡವನಂತೆ ಹಿಂದಕ್ಕೆ ಹಾರಿದ. "ಬೇಡಮ್ಮಾ, ಬೇಡ! ನಿಮ್ಮ ಟಿಕೆಟ್ಟಲ್ಲೇ ಸೇರಿದೆ, ನಮಗೆ ತಿಂಗಳು ತಿಂಗಳು ಸರಿಯಾಗಿ ಬರುತ್ತೆ. ಕೈಯಲ್ಲಿ ತಗೊಂಡಿದ್ದು ಗೊತ್ತಾದ್ರೆ ನನ್ನ ಕೆಲಸಕ್ಕೇ ಸಂಚಕಾರ."

"ಕೇಳಿಸ್ತಾ? ಸರಿಯಾಗಿ ಬರುತ್ತಂತೆ," ಎಂದು ನಾನು ಹಲ್ಲು ಬಿಟ್ಟೆ. ಅಂಥ ಸುಖದ ನಿದ್ದೆ ನಾನು ಮಾಡಿ ಎಷ್ಟೋ ಕಾಲವಾಗಿತ್ತು.

ಇವಳಿಗೆ ಮಾತ್ರ ನಿದ್ದೆಯಿಲ್ಲ. ಬೆಳಿಗ್ಗೆ ನೋಡಿದರೆ ಹಾಸಿಗೆ ಮಡಚುತ್ತಿದ್ದಾಳೆ, ಬಚ್ಚಲು ಉಜ್ಜುತ್ತಿದ್ದಾಳೆ. "ಕೊಡಕ್ಕಂತೂ ಬಿಡಲ್ಲ. ಅವರ ಕೆಲಸನಾದ್ರೂ ಕಮ್ಮಿ ಮಾಡ್ತೀನಿ" ಎಂದಳು. ಮೀಸೆಯಣ್ಣ ಬಾಗಿಲು ತೆಗೆದವನೇ ಥಳಥಳ ಹೊಳೆಯುವ ಕೋಣೆ ನೋಡಿ ಬಿಳಚಿಕೊಂಡ.

"ಅಮ್ಮಾ, ನನ್ನ ಕೆಲಸ ಸರಿ ಇರ್ಲಿಲ್ವಾ? ಮೇಲಿನವರಿಗೆ ಕಂಪ್ಲೇಂಟ್ ಏನೂ ಕೊಟ್ಟಿಲ್ಲ ತಾನೇ?"

ಪಾಪ, ಇವಳು ಸರಿಮಾಡಿದ್ದ ಹಾಸಿಗೆಯನ್ನು ಅವನು ಕೆದರಿ, ಮತ್ತೆ ಹಾಸಿದ. ಅವತ್ತು ಹೆದರಿಕೆಗೆ ಒಂದರ ಬದಲು ಎರಡು ಪ್ರಾಣಿ ಮಾಡಿಟ್ಟು ಹೋದ. ಒಂದು ಮೊಲ, ಒಂದು ಆನೆ. ಆನೆಯ ಸೊಂಡಿಲಿನ ಮೇಲೆ ನನ್ನ ಕನ್ನಡಕ. ಇವಳ ಸಾಲ ಒಂದಿದ್ದದ್ದು ಮೂರಾಯಿತು.

"ನನ್ನ ಕೈ ಕಡೀತಿದೆ ರೀ," ಎಂದಳು.

"ಮುಲಾಮು ಹಚ್ಕೋ," ಎಂದು ನಾನು ಡೆಕ್ಕಿಗೆ ಹೊರಟೆ.

ಆಹಾ, ಆ ಸಮುದ್ರ! ಆ ಕುರ್ಚಿ! ನನ್ನ ಕತ್ತು ಹಲವು ವರ್ಷಗಳ ಮೇಲೆ ಮೊದಲ ಸಲ ಆಕಾಶಕ್ಕೆ ಮುಖ ತೋರಿಸಿತು. ಆ ಕುರ್ಚಿಯ ಸುಖ ಒಂದೂವರೆ ಗಂಟೆ. ಆಮೇಲೆ ಮೀಸೆಯಣ್ಣ ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತ. ಅವನ ಪ್ಯಾಂಟಿನ ಕಾಲನ್ನು ಒಳಗೆ ಮಡಚಿ ಪಿನ್ನು ಚುಚ್ಚಿದ್ದು ಹತ್ತಿದ ದಿನವೇ ನನ್ನ ಕಣ್ಣಿಗೆ ಬಿದ್ದಿತ್ತು. ಕಂಡರೂ ಕಾಣದವನಂತೆ ಸಮುದ್ರದ ಕಡೆ ತಿರುಗಿಕೊಂಡಿದ್ದೆ.

"ಟೈಲರ್ ಸಾರ್, ಅಮ್ಮಾವ್ರು ಕರೀತಿದಾರೆ," ಎಂದ.

ಟೈಲರ್ ಸಾರ್! ಕೋಣೆಗೆ ಓಡಿದೆ.

"ಹೇಳಲ್ಲ ಅಂದಿದ್ದೆ!"

"ನಾನೆಲ್ಲಿ ಹೇಳ್ದೆ? ಯಜಮಾನ್ರು ಏನ್ ಮಾಡ್ತಾರೆ ಅಂತ ಅವರೇ ಕೇಳಿದ್ರು. ಸುಳ್ಳು ಹೇಳಕ್ಕಾಗುತ್ತಾ? ದುಡ್ಡು ತಗೋಬಾರದು ಅಂತ ರೂಲ್ಸಿದೆ. ಪ್ಯಾಂಟು ಹೊಲಿಸ್ಕೋಬಾರದು ಅಂತ ಇಲ್ವಂತೆ, ವಿಚಾರಿಸ್ದೆ."

"ಸೂಜಿನೇ ಇಲ್ವಲ್ಲ, ಹೇಗೆ ಹೊಲೀಲಿ?"

ಇವಳು ಪರ್ಸು ಬಗ್ಗಿಸಿದಳು. ಸೂಜಿ, ದಾರ, ಕತ್ತರಿ, ಸೀಮೆಸುಣ್ಣದ ತುಂಡು, ಅಳತೆಯ ಟೇಪು.

"ಟೇಪು ಯಾಕೆ ತಂದೆ?"

"ನಿಮ್ಮ ಬೆಲ್ಟು ಅಂದ್ಕೊಂಡು ಹಾಕಿದ್ದೆ." ಇಷ್ಟು ಹೇಳುವಾಗಲೂ ಅವಳ ಕಣ್ಣು ಪಿಳುಕಲಿಲ್ಲ.

ಮೀಸೆಯಣ್ಣನ ಪ್ಯಾಂಟಿನ ಕಾಲು ಹೊಲಿದುಕೊಟ್ಟೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಹಡಗಿನ ಕಂಪನಿ ಯೂನಿಫಾರಮ್ಮನ್ನು ಸಣ್ಣ, ಮಧ್ಯ, ದೊಡ್ಡ ಎಂದು ಮೂರೇ ಅಳತೆಯಲ್ಲಿ ಹೊಲಿಸುತ್ತದೆ. ಮನುಷ್ಯರು ಮಾತ್ರ ನೂರಾರು ಅಳತೆಯಲ್ಲಿ ಬಂದು ಕೆಲಸಕ್ಕೆ ಸೇರುತ್ತಾರೆ. ಊಟ ಬಡಿಸುವವನ ವೇಸ್ಟ್‌ಕೋಟು ಮಂಡಿ ಮುಟ್ಟುತ್ತಿತ್ತು. ಅಡಿಗೆಯವನ ಹೊಟ್ಟೆಯ ಮೇಲೆ ಗುಂಡಿಗಳು ಪ್ರಾಣ ಕೈಯಲ್ಲಿ ಹಿಡಿದು ನಿಂತಿದ್ದವು. ಹಾಡುವ ಹೆಣ್ಣುಮಗಳು ಗೌನಿನ ಬೆನ್ನಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿಕೊಂಡೇ ಹಾಡುತ್ತಿದ್ದಳು, ಅದಕ್ಕೇ ಪ್ರೇಕ್ಷಕರಿಗೆ ಒಮ್ಮೆಯೂ ಬೆನ್ನು ತೋರಿಸುತ್ತಿರಲಿಲ್ಲ. ಇವರೆಲ್ಲರಿಗೂ ಇವಳು ಸಾಲಗಾರ್ತಿ. ಒಬ್ಬ ಸೂಪು ಬಿಸಿ ಮಾಡಿಕೊಟ್ಟನಂತೆ, ಒಬ್ಬಳು ಕೇಳಿದ ಹಾಡು ಹಾಡಿದಳಂತೆ. ಹೋದಲ್ಲೆಲ್ಲ ಕೈ ಬಿಚ್ಚಿ ದಾನ ಮಾಡಿ ಬಂದಳು. ದಾನ ಮಾಡಿದ್ದು ನನ್ನನ್ನು.

ಅಂಗಡಿಯಲ್ಲಾದರೆ ನನ್ನ ಹತ್ತಿರ ಬ್ರಹ್ಮಾಸ್ತ್ರವಿದೆ, "ಮುಂದಿನ ವಾರ ಬನ್ನಿ." ಮನೆಯೊಳಗೆ ಅವಿತು ಇವಳ ಕೈಲಿ "ಇಲ್ಲ" ಅನ್ನಿಸಲೂಬಹುದು. ಹಡಗಿನಲ್ಲಿ ಮುಂದಿನ ವಾರವೇ ಇಲ್ಲ. ಅವಿತುಕೊಳ್ಳೋಣವೆಂದರೆ ಸುತ್ತ ನೀರು. ಬೆಳಿಗ್ಗೆ ಕಾಫಿ ತರುವವನೇ ಗಿರಾಕಿಯಾದರೆ ಯಾವ ಮುಖ ಇಟ್ಟುಕೊಂಡು ತಾರೀಕು ಮುಂದೂಡುವುದು? ನನ್ನ ಬಾಳಿನಲ್ಲೇ ಮೊದಲ ಸಲ ಹೇಳಿದ ಹೊತ್ತಿಗೆ ಬಟ್ಟೆ ಕೊಟ್ಟೆ.

ಬಾಲ್ಕನಿಯ ಕಂಬಿಯ ಮೇಲೆ ಪ್ಯಾಂಟುಗಳ ಸಾಲು. ಅದರಾಚೆ ಸಮುದ್ರ ಇದ್ದಿರಬೇಕು. ನನಗೆ ಕಾಣುತ್ತಿದ್ದದ್ದು ಕಾಜಾ ಮಾತ್ರ.

ಹಡಗು ಒಂದು ದ್ವೀಪದ ಬಳಿ ನಿಂತಿತು. ಇವಳು ಟೋಪಿ ಹಾಕಿಕೊಂಡು ಬಂದಳು. "ನಡೀರಿ, ಇಳಿಯೋಣ."

ನಾನು ಎದ್ದೆ. ಬಾಗಿಲಲ್ಲಿ ಸಾಕ್ಷಾತ್ ಕ್ಯಾಪ್ಟನ್ನು! ಕೈಯಲ್ಲಿ ಬಿಳಿಯ ಕೋಟು. ಹೊಟ್ಟೆ ಸ್ವಲ್ಪ ಮುಂದೆ ಬಂದು ಗುಂಡಿ ಹತ್ತುತ್ತಿಲ್ಲವಂತೆ, ಆ ಸಂಜೆಯೇ ಎಲ್ಲರ ಜೊತೆ ಫೋಟೋ ಇದೆಯಂತೆ.

"ನೀವು ಇಲ್ಲಿದ್ರೆ ಹಡಗು ಯಾರು ನೋಡ್ಕೋತಾರೆ ಸಾರ್?" ಎಂದೆ, ತಪ್ಪಿಸಿಕೊಳ್ಳುವ ಕೊನೆಯ ಪ್ರಯತ್ನವಾಗಿ.

"ಹಡಗು ನಿಂತಿದೆಯಲ್ಲ," ಎಂದು ಕ್ಯಾಪ್ಟನ್ನು ಎರಡೂ ಕೈ ಚಾಚಿ ನಿಂತುಬಿಟ್ಟರು.

ಇವಳು ದ್ವೀಪ ನೋಡಿ ಬಂದಳು. ಮರಳು ಬೆಳ್ಳಗಿತ್ತಂತೆ. ಇರಬಹುದು, ಕೋಟೂ ಬೆಳ್ಳಗಿತ್ತು. ಅವತ್ತು ಹಾಸಿಗೆಯ ಮೇಲೆ ಮೀಸೆಯಣ್ಣ ಟವಲಿನಲ್ಲಿ ಒಂದು ಹೊಲಿಗೆ ಮಷಿನ್ನು ಮಾಡಿಟ್ಟಿದ್ದ, ಚಕ್ರ ಸಮೇತ. ಅದನ್ನು ನೋಡಿ ನನಗೆ ಅಳು ಬಂತು. ಸಂತೋಷಕ್ಕೆಂದು ತಿಳಿದು ಅವನೂ ಕಣ್ಣೊರೆಸಿಕೊಂಡ.

ಕೊನೆಯ ಬೆಳಿಗ್ಗೆ ಪೆಟ್ಟಿಗೆ ಕಟ್ಟಿಕೊಂಡು ಇಳಿಯಲು ನಿಂತೆವು. ನೋಡಿದರೆ ಮೆಟ್ಟಿಲ ಬಳಿ ಸಾಲಾಗಿ ನಿಂತಿದ್ದಾರೆ ಮೀಸೆಯಣ್ಣ, ಬಡಿಸುವವನು, ಅಡಿಗೆಯವನು, ಹಾಡುವ ಹೆಣ್ಣುಮಗಳು. ಎಲ್ಲರ ಬಟ್ಟೆಯೂ ಮೈಗೆ ಹಿಡಿದು ಹೊಲಿದಂತೆ ಕೂತಿತ್ತು. ಸತ್ಯ ಹೇಳುತ್ತೇನೆ, ನನ್ನ ಎದೆ ಉಬ್ಬಿತು. ಆ ಸಾಲಿಗಿಂತ ಸಮುದ್ರ ಏನು ಮಹಾ ಅನ್ನಿಸಿತು. ಹಾಡುವ ಹುಡುಗಿಯಂತೂ ಒಂದು ಸುತ್ತು ತಿರುಗಿ ಎಲ್ಲರಿಗೂ ಬೆನ್ನು ತೋರಿಸಿದಳು.

ಮೀಸೆಯಣ್ಣ ಮುಂದೆ ಬಂದು ದಪ್ಪನೆಯ ಒಂದು ಲಕೋಟೆ ಚಾಚಿದ. "ಟೈಲರ್ ಸಾರ್, ನಾವು ತಗೋಬಾರದು ಅಂತ ರೂಲ್ಸಿದೆ. ಕೊಡಬಾರದು ಅಂತ ಇಲ್ಲ. ಎಲ್ಲರೂ ಸೇರಿ ಪ್ರೀತಿಯಿಂದ ಕೊಡ್ತಿದೀವಿ."

ಇಪ್ಪತ್ತೈದು ವರ್ಷದಲ್ಲಿ ಒಬ್ಬನೇ ಒಬ್ಬನೂ ನನಗೆ ದರದ ಮೇಲೆ ಒಂದು ಕಾಸು ಕೊಟ್ಟವನಲ್ಲ. (ಬೋರ್ಡು ಬರೆಸಿದವನು ನಾನೇ, ಒಪ್ಪಿದೆ.) ಆ ಲಕೋಟೆ ಕಂಡದ್ದೇ ಪೆಟ್ಟಿಗೆ ಕೆಳಗಿಟ್ಟೆ. ಒಳಗೆಷ್ಟಿದೆಯೆಂಬುದು ಮುಖ್ಯವಲ್ಲ. ನಾನು ಮಾಡಿದ್ದು ಚೆನ್ನಾಗಿದೆಯೆಂದು ಒಬ್ಬ ಮನುಷ್ಯ ಮುಖ ನೋಡಿ, ಕೈಯಾರೆ ಕೊಡುತ್ತಿದ್ದಾನೆ! ನನ್ನ ಕೈ ತಾನಾಗಿಯೇ ಮುಂದೆ ಹೋಯಿತು.

"ಅಯ್ಯಯ್ಯೋ, ಬೇಡ!" ಎಂದು ಇವಳು ನಡುವೆ ನುಗ್ಗಿ ಲಕೋಟೆಯನ್ನು ಮೀಸೆಯಣ್ಣನ ಜೇಬಿಗೇ ಮರಳಿಸಿದಳು. "ಬೇಜಾರು ಮಾಡ್ಕೋಬೇಡಿ ಅಣ್ಣಾ. ಇವರು ತತ್ವದ ಮನುಷ್ಯ, ಹೆಚ್ಚಿಗೆ ಮುಟ್ಟಲ್ಲ. ಒಬ್ಬರ ಕೆಲಸಕ್ಕೆ ಬೆಲೆ ಇನ್ನೊಬ್ಬರ ಮೂಡಿನ ಮೇಲೆ ನಿಲ್ಬಾರದು ಅಂತಾರೆ. ಅಂಗಡೀಲಿ ಬೋರ್ಡೇ ಹಾಕಿದಾರೆ. ಅಲ್ವೇನ್ರೀ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಡಿಗೆಯವನಂತೂ ಭಕ್ತಿಯಿಂದ ಟೋಪಿ ತೆಗೆದುಬಿಟ್ಟ.

"ಹೌದು," ಎಂದೆ. ಆ ಎರಡಕ್ಷರ ಬಿಸಿ ಆಲೂಗಡ್ಡೆಯ ಹಾಗೆ ಬಾಯಿಂದ ಹೊರಬಿತ್ತು.

ಮೆಟ್ಟಿಲಿಳಿಯುವಾಗ ಇವಳು ಮೆಲ್ಲಗೆ ಕೇಳಿದಳು, "ಯಾಕ್ರೀ, ಕೈ ಉಜ್ಕೋತಿದೀರ?"

"ಏನಿಲ್ಲ."

"ಕಡೀತಿದೆಯಾ? ಮುಲಾಮು ಹಚ್ಕೊಳ್ಳಿ."

ಊರಿಗೆ ಬಂದವನೇ, ಇವಳಿಗೆ ಕಾಣದ ಹಾಗೆ ಅಂಗಡಿಯ ಬೋರ್ಡಿನಲ್ಲಿ "ಹೆಚ್ಚಿಗೆ ಕೊಡಬೇಡಿ" ಎಂಬುದರ ಮೇಲೆ ಬಿಳಿ ಬಣ್ಣ ಬಳಿದೆ. ಬಣ್ಣ ಒಣಗುವಷ್ಟರಲ್ಲಿ ಎದುರಿನ ಔಷಧಿ ಅಂಗಡಿಯವರು ಕೋಟು ತೆಗೆದುಕೊಳ್ಳಲು ಬಂದರು. ತೊಟ್ಟು ಕನ್ನಡಿ ನೋಡಿಕೊಂಡು "ಭೇಷ್!" ಎಂದರು. ಸರಿಯಾದ ದರ ಎಣಿಸಿಟ್ಟರು. ನಾನು ಅವರನ್ನು ಹೋಗಲೂ ಬಿಡದೆ, ಕೇಳಲೂ ಆಗದೆ ಪಕ್ಕದಲ್ಲಿ ನಿಂತು ತಲೆ ಕೆರೆದುಕೊಂಡೆ.

ಅವರು ಬೋರ್ಡು ನೋಡಿದರು. "ಏನು, ಆ ಸಾಲು ಅಳಿಸಿಬಿಟ್ಟಿದೀರ?"

"ಹೌದು," ಎಂದೆ ಆಸೆಯಿಂದ.

"ಒಳ್ಳೇದಾಯ್ತು ಬಿಡಿ. ನಿಮ್ಮ ಗುಣ ಊರಿಗೇ ಗೊತ್ತು, ಬರೆದು ಬೇರೆ ಹಾಕ್ಬೇಕಾ?" ಎಂದು ನನ್ನ ಬೆನ್ನು ತಟ್ಟಿ ಹೊರಟೇಹೋದರು.

ಒಳಗಿನಿಂದ ಇವಳ ನಗು ಕೇಳಿಸಿತು. "ಬರೀ ಕೋಟು ಕೊಟ್ರೆ ಯಾರು ಕೊಡ್ತಾರ್ರೀ? ಮೇಲೊಂದು ಆನೆನೋ ಹಂಸನೋ ಮಾಡಿಡಿ!"

ಅವಳು ತಮಾಷೆಗೆ ಅಂದದ್ದು. ನಾನು ಆ ಸಂಜೆಯೇ ಬಾಗಿಲು ಹಾಕಿಕೊಂಡು ಎರಡು ಟವಲು ತೆಗೆದು ಕೂತೆ. ಸೊಂಡಿಲು ಪರವಾಗಿಲ್ಲ, ಕಿವಿಯೇ ನಿಲ್ಲುತ್ತಿಲ್ಲ. ನನ್ನ ಮೊದಲ ಆನೆಯನ್ನು ನೋಡಿ ಇವಳು ಕಿಟಾರನೆ ಕಿರುಚಿ ಕುರ್ಚಿ ಹತ್ತಿ ನಿಂತಳು. ಹೆಗ್ಗಣ ಅಂದುಕೊಂಡಳಂತೆ.